ಬಾಯಿ ಮುಚ್ಚಿಸಿದ ಕಂಪೈಲರು

ಹೊಳೆ ದಂಡೆಯ ಮಠದಲ್ಲಿ ಪರ್ವತಯ್ಯನವರೆಂಬ ಗುರುಗಳು. ಅವರ ಶಿಷ್ಯ ಗುರುಮಲ್ಲ.

ಮಠದ ಔಷಧಿ ಮನೆಯಲ್ಲಿ ರೋಗಿಯ ತೂಕ ನೋಡಿ ಯಾರಿಗೆ ಎಷ್ಟು ಪುಡಿ ಅಂತ ಹೇಳುತ್ತಿದ್ದದ್ದು ಕಂಪ್ಯೂಟರು. ಆ ಪ್ರೋಗ್ರಾಂ ಗುರುಗಳೇ ಹರೆಯದಲ್ಲಿ ಬರೆದದ್ದು.

ಹಳೇ ಯಂತ್ರ ಕಣ್ಣು ಮುಚ್ಚಿತು. ಹೊಸದು ಬಂತು, ಜೊತೆಗೆ ಹೊಸ ಕಂಪೈಲರೂ ಬಂತು. ಬರೆದದ್ದನ್ನು ಓದಿ ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವುದು ಅದರ ಕೆಲಸ. ಹಳೆಯದು ಏನು ಕೊಟ್ಟರೂ ನುಂಗುತ್ತಿತ್ತು. ಇದು ಹೊಸ ಬೀಗಿತ್ತಿಯ ಹಾಗೆ ಸಾಲುಸಾಲಿಗೂ ಮೂಗು ಮುರಿಯಿತು.

ಗುರುಗಳ ಬರಹದಲ್ಲಿ ತಪ್ಪು! ಇಂಥ ಸುದ್ದಿ ಅಡುಗೆಮನೆ ಮುಟ್ಟಲು ಎಷ್ಟು ಹೊತ್ತು ಬೇಕು?

"ಏನಪ್ಪಾ, ನಿಮ್ಮ ಸ್ವಾಮಿಗಳಿಗೇ ಬರೆಯೋಕೆ ಬರಲ್ವಂತೆ?" ಅಡುಗೆಯ ಪುಟ್ಟಗೌರಮ್ಮ ಸೌಟು ಹಿಡಿದೇ ಓಡಿಬಂದಳು.

ಗುರುಮಲ್ಲನ ಕಿವಿ ಕೆಂಪಾಯಿತು. ಹಳೇ ಬರಹವನ್ನು ಇದ್ದ ಹಾಗೇ ಒಪ್ಪಿಕೋ, ತಕರಾರು ತೆಗೆಯಬೇಡ ಅಂತ ಕಂಪೈಲರಿಗೆ ಅಪ್ಪಣೆ ಕೊಟ್ಟ. ಅದು ಬಾಯಿ ಮುಚ್ಚಿತು.

"ಮುಗೀತು ಬುದ್ಧೀ. ನಿಮ್ಮ ಒಂದಕ್ಷರಾನೂ ಮುಟ್ಟಿಲ್ಲ."

"ಅದು ಏನು ಅಂತಿತ್ತು?" ಗುರುಗಳು ಕೇಳಿದರು.

"ರೋಗಿಯ ತೂಕದ ಜಾಗ ತುಂಬದೇ ಇದ್ರೆ ಏನು ಮಾಡಬೇಕು ಅಂತ ಬರೆದಿಲ್ಲವಂತೆ. ಅಧಿಕಪ್ರಸಂಗಿ!"

ಹೊಸ ಯಂತ್ರದಲ್ಲಿ ಮೊದಲ ಔಷಧಿ ಪೈಲ್ವಾನ್ ಜವರನಿಗೆ. ಬಾಗಿಲಲ್ಲಿ ಅಡ್ಡ ತಿರುಗಿಯೇ ಒಳಗೆ ಬರುವಂಥ ಆಳು ಅವನು.

ಆಮೇಲೆ ಕೆಂಪಮ್ಮ. ಅವಳ ಮಡಿಲಲ್ಲಿ ಜ್ವರದ ಮೊಮ್ಮಗಳು. ತಕ್ಕಡಿಯಲ್ಲಿ ಕೂರಿಸಿದರೆ ಚೀರುತ್ತಿದ್ದಳು, ತೂಗಲು ಆಗಲಿಲ್ಲ. ಗುರುಮಲ್ಲ ತೂಕದ ಜಾಗ ಖಾಲಿ ಬಿಡಲು ಹೊರಟ.

"ಆ ಮಗುವಿಗೆ ಮುಂಚೆ ನನಗೆ ಕೊಡು," ಎಂದರು ಗುರುಗಳು. "ನನ್ನ ತೂಕವನ್ನೂ ತುಂಬಬೇಡ."

ಕಂಪ್ಯೂಟರಿನ ತೆರೆ ಹೇಳಿದಷ್ಟು ಪುಡಿಯನ್ನು ಗುರುಮಲ್ಲ ಅಳೆದು ಕಟ್ಟಿದ. ಕಡ್ಡಿಯಂಥ ಗುರುಗಳಿಗೆ ಜವರನದಷ್ಟೇ ದಪ್ಪ ಪೊಟ್ಟಣ.

ಗುರುಗಳು ಅದನ್ನು ಬಿಚ್ಚಿ ಬಾಯಿಗೆ ಎತ್ತಿದರು.

ಗುರುಮಲ್ಲ ಹಾರಿ ಅವರ ಕೈ ಹಿಡಿದ. "ಬೇಡಿ ಬುದ್ಧೀ! ಇದು ಪೈಲ್ವಾನನ ಅಳತೆ! ಜೀವ ಹೋದೀತು!"

"ನಾನೇ ಬರೆದದ್ದಲ್ಲವೇನೋ?"

"ಹೌದು…"

"ಮತ್ತೆ?"

"ತೂಕ ಖಾಲಿ ಬಿಟ್ರೆ ಹಿಂದಿನವರದ್ದನ್ನೇ ಇಟ್ಟುಕೊಳ್ಳುತ್ತೆ. ನೀವು ಅಲ್ಲಿ… ತಪ್ಪಿದ್ದೀರಿ ಬುದ್ಧೀ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪುಟ್ಟಗೌರಮ್ಮನ ಸೌಟು ಕೆಳಗೆ ಬಿತ್ತು. ಹೇಳಿಯೇಬಿಟ್ಟನಲ್ಲ!

ಗುರುಗಳು ನಕ್ಕರು. "ಕೆಂಪಮ್ಮ ಮಗುವನ್ನು ಎತ್ತಿಕೊಂಡೇ ತಕ್ಕಡಿ ಹತ್ತಲಿ. ಆಮೇಲೆ ಅವಳೊಬ್ಬಳನ್ನೇ ತೂಗಿ ಆ ತೂಕವನ್ನು ಕಳೆ. ಮಗುವಿನ ಪುಡಿ ಈ ಹೊತ್ತು ನಾನೇ ಅಳೆಯುತ್ತೇನೆ."

ಗುರುಮಲ್ಲ ಅವರ ಪಾದಕ್ಕೆ ಬಾಗಿದ. ಗುರುಗಳು ಕಾಲು ಹಿಂದಕ್ಕೆ ಎಳೆದುಕೊಂಡರು.

"ಕಾಲಿಗೆ ಆಮೇಲೆ ಬೀಳುವೆಯಂತೆ. ಮೊದಲು ಆ ಕಂಪೈಲರಿನ ಬಾಯಿ ಬಿಚ್ಚು. ನನ್ನ ಬಗ್ಗೆ ಇನ್ನೂ ಏನೇನು ಹೇಳುತ್ತದೋ, ಪುಟ್ಟಗೌರಮ್ಮನೂ ಕೇಳಲಿ."