ಹೆಂಡ ಕುಡಿದ ಕಾವಲುಗಾರ

ಕಾಡಂಚಿನ ಕೆರೆಯ ದಡದಲ್ಲಿ ಒಂದು ದೊಡ್ಡ ಮತ್ತಿ ಮರ. ಮರದ ಮೇಲೆ ಕರಿಮೂತಿಯ ಮುಸುವ ಕೋತಿಗಳ ಗುಂಪು, ಕೆಳಗೆ ಜಿಂಕೆಗಳ ಹಿಂಡು. ಮುಸುವಗಳು ಉದುರಿಸಿದ ಚಿಗುರೇ ಜಿಂಕೆಗಳಿಗೆ ಊಟ. ತುದಿಕೊಂಬೆಯಲ್ಲಿ ಕೂತ ಗಂಡು ಮುಸುವ ಬೈರ, ಚಿರತೆ ಕಂಡೊಡನೆ 'ಖಕ್' ಎಂದು ಕೆಮ್ಮಬೇಕು. ಕೆಮ್ಮು ಕೇಳಿದೊಡನೆ ಜಿಂಕೆಗಳು ಓಟ ಕೀಳಬೇಕು. ಇದು ತಾತಮುತ್ತಾತರ ಕಾಲದ ಕಟ್ಟಳೆ. ಹೆಣ್ಣುಗಳು, ಮರಿಗಳು ಎಷ್ಟೇ ಕಿರುಚಲಿ, ಜಿಂಕೆಗಳು ಮನೆಜಗಳವೆಂದು ಸುಮ್ಮನೆ ಮೇಯುತ್ತಿದ್ದವು.

ಒಂದು ದಿನ ಬೈರನಿಗೆ ಈಚಲು ಮರಕ್ಕೆ ಕಟ್ಟಿದ್ದ ಹೆಂಡದ ಮಡಕೆ ಕಂಡಿತು. ಒಂದೇ ಒಂದು ಗುಟುಕು ನೋಡೋಣ ಅಂದುಕೊಂಡ. ಅಯ್ಯೋ ಮಕ್ಕಳೇ, ಈ 'ಒಂದೇ ಗುಟುಕು' ಅನ್ನುವುದಿದೆಯಲ್ಲ, ಅದರಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ. ಮೊದಮೊದಲು ಸಂಜೆಗೆ ಮಾತ್ರ ಕುಡಿಯುತ್ತಿದ್ದವನು ಬರಬರುತ್ತಾ ಬೆಳಗ್ಗೆಯೂ ಶುರುಮಾಡಿದ. ಅವನನ್ನು ನೋಡಿ ಹರೆಯದ ಗಂಡುಗಳೂ ಮಡಕೆಗೆ ಬಾಯಿ ಹಾಕಿದವು. ಬುದ್ಧಿ ಹೇಳಬೇಕಾದವನೇ ಕುಡಿದು ಕೂತರೆ ಕಿರಿಯರಿಗೆ ಹೇಳುವವರು ಯಾರು?

ಬೈರನ ಹೆಂಡತಿ ಸಿಂಗಾರಿಗೆ ಎಲ್ಲ ಗೊತ್ತಿತ್ತು. ಆದರೂ ಮರ್ಯಾದೆ ಹೋದೀತೆಂದು, ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಬಚ್ಚಿಟ್ಟಳು. ಅವನು ತೂಕಡಿಸಿದರೆ ಬೀಳದಂತೆ ಬಾಲ ಹಿಡಿದು ಕೂರುವಳು. ಯಾಕೆ ಬೈರನ ಧ್ವನಿ ಒಡೆದಿದೆ ಎಂದು ಜಿಂಕೆಗಳು ಕೇಳಿದರೆ ನೆಗಡಿ ಎನ್ನುವಳು.

ಒಂದು ಮಧ್ಯಾಹ್ನ ಚೆನ್ನಕ್ಕ ಎಂಬ ಜಿಂಕೆ ತನ್ನ ಎಳೆಮರಿಯನ್ನು ಕರೆದುಕೊಂಡು ಬಂತು. ಮರಿಯ ಕಾಲು ಇನ್ನೂ ಗಟ್ಟಿಯಾಗಿರಲಿಲ್ಲ.

"ನಿಮ್ಮ ಯಜಮಾನರು ಎಚ್ಚರವಾಗಿದ್ದಾರೇನಮ್ಮ? ಇಲ್ಲದಿದ್ದರೆ ಹೇಳಿಬಿಡು, ನಾವು ಮರೆಯಿಲ್ಲದ ಬಯಲಿಗೆ ಹೋಗುತ್ತೇವೆ."

ಸಿಂಗಾರಿ ಮೇಲೆ ನೋಡಿದಳು. ಬೈರನ ಕತ್ತು ವಾಲಿತ್ತು. ನಿಜ ಬಾಯಿತುದಿಗೆ ಬಂದಿತ್ತು, ನುಂಗಿಕೊಂಡಳು.

"ಎಚ್ಚರವಾಗೇ ಇದ್ದಾರೆ ಅಕ್ಕ. ನಿಶ್ಚಿಂತೆಯಿಂದ ಮೇಯಿರಿ."

ಸ್ವಲ್ಪ ಹೊತ್ತಿಗೆ ಪೊದೆ ಅಲುಗಿತು. ಸಿಂಗಾರಿ ಬಗ್ಗಿ ನೋಡಿದಳು. ಚಿರತೆ ಹೊಟ್ಟೆಯನ್ನು ನೆಲಕ್ಕೊತ್ತಿ ತೆವಳುತ್ತಿತ್ತು. ಅವಳು ಬೈರನನ್ನು ಅಲುಗಾಡಿಸಿದಳು, ಕೆನ್ನೆಗೆ ಬಾರಿಸಿದಳು. ಅವನು ಕಣ್ಣು ಬಿಟ್ಟ, ಚಿರತೆಯನ್ನೂ ಕಂಡ. ಕೆಮ್ಮಲು ಬಾಯಿ ತೆರೆದರೆ ಬಂದದ್ದು ಬಿಕ್ಕಳಿಕೆ. ಹರೆಯದ ಗಂಡುಗಳ ಬಳಿ ಓಡಿದಳು. ಅವೂ ಕುಡಿದು ಕೊಂಬೆಗೊರಗಿದ್ದವು. ಕೊನೆಗೆ ತಾನೇ ಗಂಟಲು ಹರಿಯುವಂತೆ ಕಿರುಚಿದಳು. ಜಿಂಕೆಗಳು ತಲೆಯೆತ್ತಿ ನೋಡಿ, ಗಂಡ ಹೆಂಡಿರ ಜಗಳವಿರಬೇಕೆಂದು ಮತ್ತೆ ಮೇಯತೊಡಗಿದವು.

ಚಿರತೆ ನೆಗೆಯಿತು. ಹಿಂಡು ದಿಕ್ಕಾಪಾಲಾಯಿತು. ಧೂಳು ಇಳಿದಾಗ ಎಳೆಮರಿ ಇರಲಿಲ್ಲ.

ಚೆನ್ನಕ್ಕ ಮರದ ಕೆಳಗೆ ಬಂದು ನಿಂತಳು. ಅಳಲಿಲ್ಲ, ಬೈಯಲೂ ಇಲ್ಲ.

"ನಿನಗೆ ಗೊತ್ತಿತ್ತೇನಮ್ಮ?" ಎಂದು ಕೇಳಿದಳು.

ಸಿಂಗಾರಿಗೆ ನೆಗಡಿಯ ಮಾತು ಆಡಲು ಇನ್ನು ಮನಸ್ಸು ಬರಲಿಲ್ಲ. "ಗೊತ್ತಿತ್ತು ಅಕ್ಕ" ಎಂದಳು.

ಜಿಂಕೆಗಳು ಅಂದೇ ಬಯಲಿಗೆ ಹೊರಟುಹೋದವು. ನಶೆ ಇಳಿದ ಮೇಲೆ ಬೈರ ತುದಿಕೊಂಬೆಗೆ ಹತ್ತಿ ಕೆಮ್ಮಿದ, ಮತ್ತೆ ಮತ್ತೆ ಕೆಮ್ಮಿದ. ಕೇಳಲು ಕೆಳಗೆ ಯಾರೂ ಇರಲಿಲ್ಲ.

ನೀತಿ: ಕುಡಿತದ ಬೆಂಕಿ ಕುಡಿದವನೊಬ್ಬನನ್ನೇ ಸುಡುವುದಿಲ್ಲ, ಅದನ್ನು ಮುಚ್ಚಿಡುವವರೂ ಅದಕ್ಕೆ ಸೌದೆ ಹಾಕಿದಂತೆಯೇ.