ಮೋಡದ ಮೇಲೊಂದು ಊರು

ಹೊಳೆದಂಡೆಯ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ವಿದ್ಯೆ ಮುಗಿಸಿದ ಶಿಷ್ಯರು ಹೊರಡುವ ಮುನ್ನ ತಾವೇ ಕಟ್ಟಿದ ಕಥೆಯೊಂದನ್ನು ಸಭೆಯಲ್ಲಿ ಹೇಳಬೇಕು. ಕಥೆಗೆ ಮೊದಲು ಅದನ್ನು ಕಟ್ಟಿದವರ ಹೆಸರನ್ನು ಗುರುಗಳು ಸಾರುತ್ತಿದ್ದರು.

ಆ ಸಲ ಪದ್ಮಾಕರ, ತಿಮ್ಮರಸ ಎಂಬ ಜೀವದ ಗೆಳೆಯರಿಬ್ಬರು ಸೇರಿ ಒಂದೇ ಕಥೆ ಕಟ್ಟಿದ್ದರು. ಮೋಡದ ಮೇಲೊಂದು ಊರು, ಅಲ್ಲಿ ರೆಕ್ಕೆಯ ಕುದುರೆಗಳು. ಇಡೀ ಆಶ್ರಮ ಅದನ್ನು ಕೇಳಲು ಕಾದಿತ್ತು.

ಸಭೆಯ ದಿನ ಬೆಳಿಗ್ಗೆ ಗುರುಗಳು ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದರು. ಪದ್ಮಾಕರ ಬಂದು, ತನ್ನ ಹೆಸರೊಂದನ್ನೇ ಸಾರಬೇಕೆಂದು ಕೇಳಿಕೊಂಡ. ಊರು ಕಟ್ಟಿದವನು ತಾನು, ಕುದುರೆಗೆ ರೆಕ್ಕೆ ಹಚ್ಚಿದವನೂ ತಾನು. ತಿಮ್ಮರಸ ಪಕ್ಕದಲ್ಲಿ ಕೂತು ಬರೀ ಪ್ರಶ್ನೆ ಕೇಳಿ ತಲೆ ತಿಂದನಂತೆ. ಪಾಪ, ಪದ್ಮಾಕರ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಸರಿ," ಎಂದರು ಗುರುಗಳು. "ಆ ಪ್ರಶ್ನೆಗಳನ್ನೆಲ್ಲ ಬಿಟ್ಟು ಕಥೆ ಹೇಳು, ಕೇಳೋಣ."

ಪದ್ಮಾಕರ ಶುರು ಮಾಡಿದ. ಬಂಗಾರದ ಗೋಪುರ, ಬೆಳ್ಳಿಯ ಬೀದಿ, ರೆಕ್ಕೆಯ ಕುದುರೆ ಎಲ್ಲ ಸರಾಗವಾಗಿ ಬಂದವು. ಕಥೆಯಲ್ಲಿ ಮುಂದೆ ಆ ಊರಿನ ಮುದುಕಿಯೊಬ್ಬಳು ನೀರು ಸೇದಲು ಭೂಮಿಯ ಬಾವಿಗೆ ಹಗ್ಗ ಇಳಿಬಿಡಬೇಕು. ಬಾಯಿ ತೆರೆದವನು ಹಾಗೇ ನಿಂತುಬಿಟ್ಟ.

"ಯಾಕೆ ನಿಲ್ಲಿಸಿದೆ?"

"ಮಳೆಯೆಲ್ಲ ಕೆಳಗೆ ಸುರಿದುಹೋದರೆ ಮೇಲಿನವರು ಏನು ಕುಡಿಯುತ್ತಾರೆ ಅಂತ ತಿಮ್ಮರಸ ಕೇಳಿದ್ದ, ಗುರುಗಳೇ. ಆಗಲೇ ನನಗೆ ಮುದುಕಿ ಹೊಳೆದದ್ದು."

"ಹಾಗಾದರೆ ಮುದುಕಿಯನ್ನು ಬಿಡು. ಮುಂದೆ ಹೇಳು."

ಮುದುಕಿಯಿಲ್ಲದೆ ಮುಂದೆ ಏನೂ ಇರಲಿಲ್ಲ. ಆ ಹಗ್ಗ ಹಿಡಿದೇ ಭೂಮಿಯ ಹುಡುಗಿಯೊಬ್ಬಳು ಮೇಲೆ ಹತ್ತಿ ಬರುತ್ತಿದ್ದಳು. ಕಥೆ ನಡೆಯುತ್ತಿದ್ದದ್ದೇ ಅವಳಿಂದ. ಪದ್ಮಾಕರನ ಮುಖ ಸಣ್ಣಗಾಯಿತು.

"ತಿಮ್ಮರಸನೂ ಹೆಸರಿನ ವಿಷಯ ಮಾತಾಡಿದನೇ?" ಎಂದು ಮೆಲ್ಲಗೆ ಕೇಳಿದ.

"ನಸುಕಿನಲ್ಲೇ ಬಂದಿದ್ದ. ನಿನ್ನ ಹೆಸರೊಂದೇ ಸಾಕು ಅಂದ. ಅಂಥ ಊರು ಕಟ್ಟುವುದು ಪದ್ಮಾಕರನಿಗೆ ಮಾತ್ರ ಸಾಧ್ಯ ಅಂತ, ತಾನೇ ಕಟ್ಟಿದವನ ಹಾಗೆ ಬೀಗುತ್ತಿದ್ದ."

ಪದ್ಮಾಕರನಿಗೆ ನಾಚಿಕೆಯಾಯಿತು. ಆದರೆ ಸ್ವಲ್ಪ ಹೊತ್ತಿಗೆ ಎದೆ ಮತ್ತೆ ಉಬ್ಬಿತು. ಇಂಥ ಗೆಳೆಯ ಈ ಆಶ್ರಮದಲ್ಲಿ ಇನ್ಯಾರಿಗಿದ್ದಾನೆ ಎನ್ನಿಸಿತು. ಇಬ್ಬರ ಹೆಸರನ್ನೂ ಸಾರಿ, ತಿಮ್ಮರಸನದೇ ಮೊದಲಿರಲಿ ಎಂದು ಬೇಡಿಕೊಂಡ. ಏಳುವ ಮುನ್ನ ಅಳುಕುತ್ತ ಕೇಳಿದ:

"ಗುರುಗಳೇ, ನಾನು ಹೆಮ್ಮೆ ಪಟ್ಟದ್ದೇ ತಪ್ಪಾಯಿತೇ?"

ಗುರುಗಳು ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದರು.

"ಬೇಕಾದಷ್ಟು ಪಡು, ಮಗು. ತಿಮ್ಮರಸನ ಬಗ್ಗೆ ಪಡು. ನಿನ್ನ ಬಗ್ಗೆ ಹೆಮ್ಮೆ ಪಡುವ ಕೆಲಸವನ್ನು ಅವನು ಆಗಲೇ ವಹಿಸಿಕೊಂಡಿದ್ದಾನೆ."