ಸುಮ್ಮನೆ ಬೆಟ್ಟ ಹತ್ತಿದವಳು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಕೆಲಸವೆಲ್ಲ ಮುಗಿದ ಮೇಲೆ ನಾನು ದಿನವೂ ಹೊಳೆಯಲ್ಲಿ ಈಜುತ್ತೇನೆ. ಅದರಿಂದ ಏನು ಬಂತು ಎಂದು ಎಲ್ಲರೂ ಕೇಳುತ್ತಾರೆ. ಈಜುವುದನ್ನೇ ಬಿಟ್ಟುಬಿಡಲೇ?"

ಗುರುಗಳು ಒಂದು ಕತೆ ಹೇಳಿದರು.

ಬಡಗಣ ತುದಿಯ ಹಿಮದ ನಾಡಿನಲ್ಲಿ ಉಣ್ಣೆ ನೂಲುವ ಒಬ್ಬ ಹೆಂಗಸಿದ್ದಳು. ಊರ ಹಿಂದೆ ದೊಡ್ಡ ಬೆಟ್ಟ. ನೂಲುವುದು ಮುಗಿದರೆ ಅವಳು ಬೆಟ್ಟ ಹತ್ತುತ್ತಿದ್ದಳು. ಬೇಸಿಗೆಯಲ್ಲಿ ಅಲ್ಲಿ ಹೊತ್ತು ಮುಳುಗುವುದಿಲ್ಲ; ಸಾಕೆನಿಸುವವರೆಗೆ ನಡೆಯುತ್ತಿದ್ದಳು. ಎಲೆ ಕೆಂಪಾಗಿ ಉದುರುವ ಕಾಲದಲ್ಲೂ ಹೋಗುತ್ತಿದ್ದಳು. ಚಳಿಗಾಲದಲ್ಲಿ ಸೂರ್ಯ ಮುಖವನ್ನೇ ತೋರಿಸುವುದಿಲ್ಲ. ಆಗಲೂ ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಮರದ ಹಲಗೆ ಕಟ್ಟಿಕೊಂಡು, ಹಿಮದ ಬೆಳಕಿನಲ್ಲೇ ಹತ್ತುತ್ತಿದ್ದಳು. ಹಿಮ ಕರಗುವ ದಿನಗಳಲ್ಲಿ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನಗುತ್ತ ಇಳಿದು ಬರುತ್ತಿದ್ದಳು.

ಆ ನಗು ಊರವರ ಕಣ್ಣು ಕುಕ್ಕಿತು. ಸೌದೆಗೆ ಹೋಗುವವರಿದ್ದರು, ಬೇಟೆಗೆ ಹೋಗುವವರಿದ್ದರು. ಸುಮ್ಮನೆ ಹೋಗುವವಳು ಇವಳೊಬ್ಬಳೇ.

ಊರ ಹಿರಿಯ ಅವಳನ್ನು ಕರೆಸಿ ಹೇಳಿದ: "ಸೌದೆಗೆ ಹೋಗುತ್ತೇನೆ ಎಂದಾದರೂ ಹೇಳಮ್ಮ. ಜನ ಬಾಯಿ ಮುಚ್ಚುತ್ತಾರೆ."

"ಸೌದೆ ಮನೆಯಲ್ಲಿದೆ," ಎಂದಳು ಅವಳು. "ಖುಷಿಯಾಗುತ್ತದೆ, ಹೋಗುತ್ತೇನೆ. ಅದಕ್ಕೆ ಸುಳ್ಳು ಯಾಕೆ ಹೇಳಲಿ?"

ಹಿರಿಯನಿಗೆ ಸಿಟ್ಟು ಬಂತು. "ಹಾಗಾದರೆ ನೀನು ಬಿದ್ದರೆ ಹುಡುಕಲು ಯಾರೂ ಬರುವುದಿಲ್ಲ," ಎಂದುಬಿಟ್ಟ.

ಹಿಮದ ನಾಡಿನಲ್ಲಿ ಅದು ಸಣ್ಣ ಮಾತಲ್ಲ. ಅವಳು ಹೆದರಿದಳು. ಕೆಲವು ದಿನ ರಾಟೆ ಬಿಟ್ಟು ಏಳಲಿಲ್ಲ. ಕೈ ನೂಲುತ್ತಿತ್ತು, ಕಣ್ಣು ಮಾತ್ರ ಬೆಟ್ಟದ ಮೇಲೇ ಇತ್ತು. ಕೊನೆಗೊಂದು ದಿನ ಹಲಗೆ ಕಟ್ಟಿಕೊಂಡು, ಎಲ್ಲರ ಕಣ್ಣೆದುರೇ ಹೊರಟಳು.

ಅಂದೇ ಬಿದ್ದಳು. ಇಳಿಯುವಾಗ ಹಿಮಗಾಳಿ ಎದ್ದಿತು, ಕಾಲು ಜಾರಿತು, ಎಡಗೈ ಮುರಿಯಿತು. ಯಾರೂ ಬರಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈಯನ್ನು ಎದೆಗೆ ಬಿಗಿದುಕೊಂಡಳು. ಜಾರುತ್ತ, ಕೂರುತ್ತ, ನೋವಿಗೆ ಗಟ್ಟಿಯಾಗಿ ಅಳುತ್ತ ಊರು ಮುಟ್ಟಿದಳು.

ಹಿರಿಯ ದಾರಿಯಲ್ಲೇ ನಿಂತಿದ್ದ. "ಈಗ ಹೇಳು, ಏನು ಸಿಕ್ಕಿತು?"

"ಕೈ ಮುರಿಯಿತು," ಎಂದಳು ಅವಳು. "ಅದಕ್ಕೂ ಮುಂಚೆ ಬಹಳ ಖುಷಿಯಾಗಿತ್ತು. ವಾಸಿಯಾಗಲಿ, ಮತ್ತೆ ಹೋಗುತ್ತೇನೆ."

ಕೈ ವಾಸಿಯಾಯಿತು. ಬೆಟ್ಟದ ಮೇಲೆ ಇನ್ನೂ ಹಿಮವಿತ್ತು. ಅವಳು ಹೋದಳು.

ಕತೆ ಅಲ್ಲಿಗೇ ನಿಂತಿತು. ಶಿಷ್ಯ, "ಆಮೇಲಾದರೂ ಊರವರು ಒಪ್ಪಿದರೇ?" ಎಂದು ಕೇಳಿದ.

"ಇಲ್ಲ," ಎಂದರು ಗುರುಗಳು, "ಬಿಟ್ಟುಬಿಡಲೇ ಎಂದು ಅವಳೂ ಯಾರನ್ನೂ ಕೇಳಲಿಲ್ಲ."